ಸಭಾಪತಿಯ ಅನುಮಾನ

ಈಸ್ಟ್ ಹ್ಯಾಲಮ್ ಊರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಹಿಮ ಬೀಳಲಿ, ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಲಿ, ಊರ ಸಭೆ ನಡೆದೇ ನಡೆಯುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದ ಬೆಟ್ಟಗಳ ನಡುವಿನ ಈ ಊರಿಗೆ ಮೇಯರೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಊರಿನವರೆಲ್ಲ ಪುರಭವನದ ಮಡಚುವ ಕುರ್ಚಿಗಳಲ್ಲಿ ಕುಳಿತು, ಹಿಮ ಬಾಚುವ ಲಾರಿ ಹೊಸದು ಬೇಕೋ ಹಳೆಯದಕ್ಕೇ ತೇಪೆ ಹಾಕಬೇಕೋ ಎಂಬುದನ್ನು ಬಾಯಿಂದಲೇ ತೀರ್ಮಾನಿಸುತ್ತಾರೆ. ಬೇಕೆನ್ನುವವರು ಒಟ್ಟಿಗೆ 'ಸೈ' ಎಂದು ಕೂಗುತ್ತಾರೆ. ಆಮೇಲೆ ಒಲ್ಲದವರು 'ಬೇಡ' ಎಂದು ಕೂಗುತ್ತಾರೆ. ಯಾವ ಕೂಗು ದೊಡ್ಡದೆಂದು ಹೇಳುವವನು ಸಭಾಪತಿ.

ಇಪ್ಪತ್ತಾರು ವರ್ಷದಿಂದ ಆ ಸಭಾಪತಿ ಆರಿನ್ ಥೇಯರ್. ಹಸು ಸಾಕಿ ಬದುಕಿದವನು, ಈಗ ಹಸುಗಳನ್ನೆಲ್ಲ ಮಾರಿ ಸಿಹಿ ರಸ ಇಳಿಸುವ ಮೇಪಲ್ ಮರಗಳನ್ನಷ್ಟೇ ಉಳಿಸಿಕೊಂಡಿದ್ದ. ವರ್ಷದ ಉಳಿದ ದಿನಗಳಲ್ಲಿ ಅವನನ್ನು ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಆ ಒಂದು ಮಂಗಳವಾರ ಮಾತ್ರ ಹಳೆಯ ಕೋಟು ತೊಟ್ಟು, ಮರದ ಸುತ್ತಿಗೆ ಹಿಡಿದು ವೇದಿಕೆ ಹತ್ತಿದನೆಂದರೆ ಅವನ ಸ್ವಂತ ಅತ್ತೆಯೂ 'ಸಭಾಪತಿಗಳೇ' ಎಂದು ಕರೆದ ಮೇಲೆಯೇ ಬಾಯಿ ತೆರೆಯಬೇಕಿತ್ತು. ಅದರಲ್ಲಿ ತನಗೆಷ್ಟು ಸುಖವಿದೆಯೆಂದು ಅವನು ಯಾರಿಗೂ ಹೇಳಿದವನಲ್ಲ. ಆದರೆ ಫೆಬ್ರವರಿ ಬಂತೆಂದರೆ ಕೋಟಿಗೆ ಬ್ರಷ್ ಹಾಕಲು ಶುರು ಮಾಡುತ್ತಿದ್ದ.

ಕೂಗು ಮುಗಿದ ಮೇಲೆ ಸಭಾಪತಿ ಎರಡು ಮಾತು ಹೇಳಬೇಕು. ಮೊದಲು, 'ಸೈ ಮೇಲಾದಂತೆ ಕಾಣುತ್ತದೆ.' ಆಮೇಲೆ ಒಂದು ಉಸಿರಿನಷ್ಟು ಬಿಡುವು. ಆಮೇಲೆ, 'ಸೈ ಮೇಲಾಯಿತು' ಎಂದು ಸುತ್ತಿಗೆಯ ಒಂದು ಏಟು. ನಡುವಿನ ಆ ಬಿಡುವಿನಲ್ಲಿ ಯಾರು ಬೇಕಾದರೂ 'ಅನುಮಾನ!' ಎನ್ನಬಹುದು. ಸಭಾಪತಿಯ ಕಿವಿಯ ಮೇಲೆ ಅನುಮಾನ ಎಂದರ್ಥ. ಆಗ ಎಲ್ಲರೂ ಎದ್ದು ನಿಲ್ಲಬೇಕು, ತಲೆ ಎಣಿಸಬೇಕು. ಪಕ್ಕದ ಊರುಗಳಲ್ಲಿ ಒಂದೊಂದು ಸಭೆಯಲ್ಲೂ ಅನುಮಾನದ ಮೇಲೆ ಅನುಮಾನ ಎದ್ದು ಮಧ್ಯಾಹ್ನದ ಊಟ ತಣ್ಣಗಾಗುತ್ತದೆ. ಈಸ್ಟ್ ಹ್ಯಾಲಮ್ಮಿನಲ್ಲಿ ಆರಿನ್‌ನ ಕಾಲದಲ್ಲಿ ಒಬ್ಬರೂ ಆ ಪದ ಎತ್ತಿರಲಿಲ್ಲ. ಆರಿನ್ ಕಿವಿ ಅಂದ್ರೆ ತಕ್ಕಡಿ ಎಂದು ಊರೇ ಕೊಂಡಾಡುತ್ತಿತ್ತು.

ಆ ತಕ್ಕಡಿ ಕೆಟ್ಟು ಮೂರು ವರ್ಷವಾಗಿತ್ತು.

ಎದುರಿಗೆ ನಿಂತು ಒಬ್ಬರು ಮಾತಾಡಿದರೆ ಆರಿನ್‌ಗೆ ತುಟಿ ನೋಡಿಯೇ ತಿಳಿಯುತ್ತಿತ್ತು. ಸಭೆಯ ಭಾಷಣಗಳಿಗಂತೂ ಕಿವಿಯೇ ಬೇಕಿರಲಿಲ್ಲ. ಯಾರು ಎದ್ದರೆ ಏನು ಹೇಳುತ್ತಾರೆಂದು ಅವನಿಗೆ ಬಾಯಿಪಾಠ. ಆದರೆ ಇಡೀ ಸಭೆ ಒಟ್ಟಿಗೆ ಬಾಯಿ ತೆರೆದರೆ ಅವನ ಪಾಲಿಗೆ ಎರಡೂ ಕೂಗು ಒಂದೇ ಬಗೆಯ ಗುಂಯ್. ಪೇಟೆಯ ಡಾಕ್ಟರು ಕೊಟ್ಟ ಕಿವಿಯ ಯಂತ್ರ ಹಾಕಿಕೊಂಡರೆ ಕುರ್ಚಿ ಎಳೆಯುವುದು, ಕೆಮ್ಮುವುದು, ಚಾಕೊಲೇಟಿನ ಕಾಗದ ಬಿಚ್ಚುವುದು ಎಲ್ಲ ಸೇರಿ ತಲೆಯೊಳಗೇ ಜಾತ್ರೆ. ಅದು ಡ್ರಾಯರು ಸೇರಿತು.

ಹೀಗಾಗಿ ಅವನ ಹೆಂಡತಿ ಲೂಯೆಲ್ಲಾ ಮೊದಲ ಸಾಲಿನಲ್ಲಿ ಹೆಣಿಗೆ ಹಿಡಿದು ಕೂರತೊಡಗಿದಳು. ಸಭೆಯಲ್ಲಿ ಹೆಂಗಸರು ಸ್ವೆಟರ್ ಹೆಣೆಯುವುದು ಹೊಸದೇನಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಉಲ್ಲನ್ ಉಂಡೆ ಅವಳ ಬಲ ತೊಡೆಯ ಮೇಲಿದ್ದರೆ ಸೈ ಮೇಲು. ಎಡ ತೊಡೆಯ ಮೇಲಿದ್ದರೆ ಬೇಡ ಮೇಲು. ಒಂದೇ ಒಂದು ಸಲ ಎಡವಟ್ಟಾಯಿತು. ಸ್ಮಶಾನಕ್ಕೆ ಹೊಸ ಬೇಲಿ ಹಾಕುವ ವಿಷಯ ಬಂದಾಗ ಉಂಡೆ ಜಾರಿ ನೆಲಕ್ಕೆ ಬಿದ್ದು ಸಾಲುಗಳ ನಡುವೆ ಉರುಳಿಕೊಂಡು ಹೋಯಿತು. ಆರಿನ್ ಕಕ್ಕಾಬಿಕ್ಕಿಯಾಗಿ, 'ಈ ವಿಷಯವನ್ನು ಮುಂದಿನ ವರ್ಷಕ್ಕೆ ಹಾಕಲಾಗಿದೆ' ಎಂದುಬಿಟ್ಟ. ಸಭೆ ಅದನ್ನೂ ನಂಬಿತು, ಬೇಲಿ ಇನ್ನೂ ಬಿದ್ದೇ ಇತ್ತು.

ಈ ವರ್ಷದ ಸಭೆಗೆ ಒಂದು ದೊಡ್ಡ ವಿಷಯ ಬಂದಿತ್ತು. ಕೂಗಿ ತೀರ್ಮಾನಿಸುವ ಪದ್ಧತಿಯನ್ನೇ ಕೈಬಿಡಬೇಕು, ಇನ್ನು ಮೇಲೆ ದಿನವಿಡೀ ಪೆಟ್ಟಿಗೆ ಇಟ್ಟು ಚೀಟಿ ಹಾಕಿಸಬೇಕು ಎಂದು ಆಸ್ಪತ್ರೆಯ ನರ್ಸ್ ಕಾರ್ಲೀನ್ ಲರಾಕ್ ಅರ್ಜಿ ಕೊಟ್ಟಿದ್ದಳು. ಅದು ಗೆದ್ದರೆ ಸಭೆಯೂ ಇಲ್ಲ, ಸಭಾಪತಿಯೂ ಇಲ್ಲ. ಆರಿನ್‌ಗೆ ಆ ವಾರವೆಲ್ಲ ಊಟ ಸೇರಲಿಲ್ಲ.

ಮಂಗಳವಾರ ಬೆಳಗ್ಗೆ ಅಡುಗೆಮನೆಯಲ್ಲಿ ಅವನು ಟೈ ಕಟ್ಟಿಕೊಳ್ಳುತ್ತ, "ಆ ಕಾರ್ಲೀನ್‌ಗೆ ಬೇರೆ ಕೆಲ್ಸ ಇಲ್ವಾ?" ಎಂದ.

ಲೂಯೆಲ್ಲಾ ಒಲೆಯೊಳಗಿಂದ ಬೀನ್ಸ್ ಮಡಕೆ ಹೊರತೆಗೆಯುತ್ತಿದ್ದಳು. ರಾತ್ರಿಯಿಡೀ ಬೆಂದು ಬೆಲ್ಲದ ವಾಸನೆ ಮನೆ ತುಂಬಿತ್ತು. ಅವಳು ಮಡಕೆಯನ್ನು ಕುಕ್ಕಿ ಇಟ್ಟು, ಅವನಿಗೆ ತುಟಿ ಕಾಣುವ ಹಾಗೆ ತಿರುಗಿ ನಿಂತಳು.

"ಅವಳು ಹೇಳೋದ್ರಲ್ಲಿ ತಪ್ಪೇನಿದೆ? ಹಾಳಾದ್ದು ಮುಗಿದೇ ಹೋಗ್ಲಿ. ನಂಗೂ ಸಾಕಾಗಿದೆ."

"ಸಾಕಾಗಿದ್ಯಾ? ನೀನೇನು ಮಾಡ್ತೀಯ, ಕೂತ್ಕೊಂಡು ಹೆಣೀತೀಯ ತಾನೆ?"

"ಏನ್ ಮಾಡ್ತೀನಾ! ಮೂರು ವರ್ಷದಿಂದ ನಾನು ಒಂದ್ಸಲನಾದ್ರೂ ಬಾಯಿ ಬಿಟ್ಟು ಸೈ ಅಂದಿದೀನಾ? ಬೇಡ ಅಂದಿದೀನಾ? ಕೂಗ್ತಾ ಕೂತ್ರೆ ಬೇರೆಯವರ ಕೂಗು ಅಳೆಯೋದು ಹೇಗೆ? ನಿನ್ನ ಕಿವಿ ಆಗೋಕೆ ಹೋಗಿ ನನ್ನ ಬಾಯಿ ಕಟ್ಟಿಹೋಯ್ತು. ಪೆಟ್ಟಿಗೆ ಬಂದ್ರೆ ನಂಗೂ ಒಂದು ಓಟು ಸಿಗತ್ತೆ. ನಾನು ಓಟೇ ಹಾಕ್ತಿಲ್ಲ ಅಂತ ಗಮನಿಸಿದ್ಯಾ ಯಾವತ್ತಾದ್ರೂ?"

ಆರಿನ್ ಗಮನಿಸಿರಲಿಲ್ಲ. ಗಮನಿಸಲಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಗಂಡಸರು ಮಾಡುವುದನ್ನೇ ಮಾಡಿದ. ಮುಖ ದಪ್ಪ ಮಾಡಿಕೊಂಡು ಹೊರಗೆ ಹೋಗಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತ ನಿಂತ. ಪುರಭವನದವರೆಗೂ ಬೀನ್ಸ್ ಮಡಕೆ ಇಬ್ಬರ ನಡುವೆ ಕೂತು ಬಂತು.

ಪುರಭವನ ಕಿಕ್ಕಿರಿದಿತ್ತು. ಮೇಪಲ್ ರಸ ಇಳಿಯುವ ಕಾಲ, ಮರಗಳನ್ನು ಬಿಟ್ಟು ಬಂದವರಿಗೆಲ್ಲ ಬೇಗ ಮುಗಿಸುವ ಆತುರ. ಹಿಂದುಗಡೆ ಶಾಲೆಯ ಮಕ್ಕಳ ತಾಯಂದಿರು ಉದ್ದ ಮೇಜಿನ ಮೇಲೆ ಹಂದಿಮಾಂಸ, ಕಂದು ಬ್ರೆಡ್ಡು, ಹಣ್ಣಿನ ಕಡುಬು ಜೋಡಿಸುತ್ತಿದ್ದರು. ಮೊದಲ ವಿಷಯ ಎಂದಿನಂತೆ ಸಭಾಪತಿಯ ಆಯ್ಕೆ. ಯಾರೋ ಆರಿನ್ ಎಂದರು, ಎಲ್ಲರೂ ಸೈ ಎಂದರು. ಅಷ್ಟಕ್ಕೆ ಉಂಡೆ ನೋಡಬೇಕಾಗಿರಲಿಲ್ಲ. ಲಾರಿಯ ವಿಷಯ ಬಂತು, ಉಪ್ಪಿನ ಗೋದಾಮು ಬಂತು. ಉಂಡೆ ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ಸುತ್ತಿಗೆ ಬಿತ್ತು. ಕೊನೆಗೆ ಕಾರ್ಲೀನ್ ಎದ್ದಳು.

"ಸಭಾಪತಿಗಳೇ, ನಾನು ಇವತ್ತು ಡ್ಯೂಟಿ ಬದಲಾಯಿಸ್ಕೊಂಡು ಬಂದಿದೀನಿ. ನನ್ನ ಗಂಡನಿಗೆ ರಜಾ ಸಿಗ್ಲಿಲ್ಲ. ಮಂಗಳವಾರ ಹಗಲು ಹೊತ್ತು ಬಂದು ಕೂರೋಕೆ ಯಾರಿಗೆ ಆಗತ್ತೆ? ಪೆನ್ಷನ್ ಬರೋರಿಗೆ. ದುಡಿಯೋರಿಗೆ ಈ ಊರಲ್ಲಿ ಓಟೇ ಇಲ್ಲ. ಗಂಟಲು ದೊಡ್ಡದಿರೋರು ಹೇಳಿದ್ದೇ ಕಾನೂನು."

ಹಿಂದಿನ ಸಾಲುಗಳು ಚಪ್ಪಾಳೆ ತಟ್ಟಿದವು. ಮುದುಕ ಹೈರಮ್ ಕಟಿಂಗ್ ಕೋಲು ಊರಿಕೊಂಡು ಎದ್ದ. ಊರಿನ ಯಾವ ವಿಷಯಕ್ಕೂ ಒಪ್ಪದವನೆಂದು ಹೆಸರು ಮಾಡಿದವನು ಅವನು.

"ಸಭಾಪತಿಗಳೇ, ಚೀಟಿ ಹಾಕಿ ಸುಮ್ನೆ ಮನೆಗೆ ಹೋದ್ರೆ ನಾನು ಜಗಳ ಆಡೋದು ಯಾರ ಹತ್ರ? ಪೆಟ್ಟಿಗೆ ಹತ್ರನಾ? ಕಾರ್ಲೀನ್ ಮುಖ ನೋಡೋದೇ ವರ್ಷಕ್ಕೊಂದ್ಸಲ."

"ನನ್ನ ಮುಖ ನೋಡಿ ನಿಮಗೇನಾಗ್ಬೇಕು ಹೈರಮ್?" ಕಾರ್ಲೀನ್ ತಿರುಗಿದಳು.

"ಏನೂ ಆಗ್ಬೇಕಿಲ್ಲ. ನೋಡಿದ್ಮೇಲೆ ಒಂದು ವರ್ಷ ಧೈರ್ಯವಾಗಿ ಇರ್ತೀನಿ."

ಆರಿನ್ ಸುತ್ತಿಗೆ ಬಡಿದ. "ಬೈಯೋದಿದ್ರೆ ಸಭಾಪತಿ ಮೂಲಕ ಬೈರಿ. ನೇರ ಬೈಯೋ ಹಾಗಿಲ್ಲ."

ಸಭೆ ನಕ್ಕಿತು. ಆರಿನ್ ಮಾತ್ರ ನಗಲಿಲ್ಲ. ಸಭಾಪತಿ ಯಾವ ಪಕ್ಷವನ್ನೂ ವಹಿಸುವಂತಿಲ್ಲ, ಅವನ ಮನಸ್ಸು ಏನೇ ಇರಲಿ ಮುಖ ಮರದ ಹಲಗೆಯ ಹಾಗಿರಬೇಕು. ಒಳಗೊಳಗೆ ಅವನಿಗೆ ಅಳು ಬರುವುದೊಂದು ಬಾಕಿ. ಕಾರ್ಲೀನ್ ಹೇಳುವುದರಲ್ಲಿ ನ್ಯಾಯವಿದೆಯೆಂದು ಗೊತ್ತಿತ್ತು, ಆದರೂ ಈ ಕಟ್ಟಡದಲ್ಲಿ ಇನ್ನು ಯಾರೂ ಯಾರೊಂದಿಗೂ ವಾದಿಸಲು ಬರುವುದಿಲ್ಲ ಎಂಬುದನ್ನು ನೆನೆಸಿಕೊಂಡರೆ ಎದೆ ಹಿಂಡುತ್ತಿತ್ತು.

"ಚೀಟಿ ಪದ್ಧತಿ ಬೇಕು ಅನ್ನೋರು, ಸೈ ಅನ್ನಿ."

ಬಾಯಿಗಳು ತೆರೆದವು. ಹಿಂದಿನ ಸಾಲಿನ ಹುಡುಗರ ಮುಖ ಕೆಂಪಾಯಿತು. ಆರಿನ್‌ಗೆ ಗುಂಯ್ ಎಂದಿತು.

"ಬೇಡ ಅನ್ನೋರು, ಬೇಡ ಅನ್ನಿ."

ಮತ್ತೆ ಬಾಯಿಗಳು ತೆರೆದವು. ಹೈರಮ್ ಕೋಲು ಎತ್ತಿ ಕೂಗಿದ. ಮತ್ತೆ ಗುಂಯ್.

ಆರಿನ್ ಮೊದಲ ಸಾಲಿನತ್ತ ಕಣ್ಣು ಹಾಯಿಸಿದ. ಲೂಯೆಲ್ಲಾ ತಲೆ ತಗ್ಗಿಸಿ ಹೆಣೆಯುತ್ತಿದ್ದಳು. ನೀಲಿ ಉಂಡೆ ಬಲ ತೊಡೆಯ ಮೇಲೆ ಕೂತಿತ್ತು.

ಸೈ.

ಹಾಳಾದ್ದು ಮುಗಿದೇ ಹೋಗ್ಲಿ ಎಂದಿದ್ದಳು ಬೆಳಗ್ಗೆ. ನಂಗೂ ಸಾಕಾಗಿದೆ ಎಂದಿದ್ದಳು. ಆರಿನ್ ಇಷ್ಟು ವರ್ಷ ಆ ಉಂಡೆಯನ್ನು ಕಣ್ಣುಮುಚ್ಚಿ ನಂಬಿದ್ದ. ಇವತ್ತು ಅದೇ ಉಂಡೆ ಅವಳಿಗೆ ಬೇಕಾದ ಕಡೆಗೇ ಹೋಗಿ ಕೂತಿದೆ! ಅವಳು ನಿಜವಾಗಿ ಅಳೆದು ಹೇಳುತ್ತಿದ್ದಾಳೋ, ಈ ರಗಳೆಗೆ ಒಂದೇ ಏಟಿಗೆ ತೆರೆ ಎಳೆಯುತ್ತಿದ್ದಾಳೋ?

"ಸೈ ಮೇಲಾದಂತೆ ಕಾಣುತ್ತದೆ," ಎಂದ.

ಆಮೇಲಿನ ಬಿಡುವು. ಹೈರಮ್ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಜಗಳಗಂಟನಾದರೂ ಆರಿನ್‌ನ ಕಿವಿಯನ್ನು ಪ್ರಶ್ನಿಸುವಷ್ಟು ಕೆಟ್ಟಿರಲಿಲ್ಲ. ಸಭೆ ಸುತ್ತಿಗೆಗಾಗಿ ಕಾದಿತು. ಆರಿನ್‌ನ ಕೈ ಮೇಲೆದ್ದದ್ದು ಅಲ್ಲೇ ನಿಂತಿತು.

"ಅನುಮಾನ," ಎಂಬ ಮಾತು ಕೇಳಿಬಂತು.

ಎಲ್ಲರೂ ಹಿಂದೆ ಮುಂದೆ ನೋಡಿದರು. ವೇದಿಕೆಯ ಪಕ್ಕ ಕುಳಿತಿದ್ದ ಊರ ಕಾರ್ಯದರ್ಶಿ ಡಾರ್ಕಸ್ ಪೆನ್ನು ಕೆಳಗಿಟ್ಟು, "ಯಾರ್ರೀ ಅದು ಹೇಳಿದ್ದು?" ಎಂದಳು.

"ನಾನೇ, ಡಾರ್ಕಸ್," ಎಂದ ಆರಿನ್. "ನನ್ನ ಕಿವಿ ಮೇಲೆ ನಂಗೇ ಅನುಮಾನ. ಮೂರು ವರ್ಷ ಆಯ್ತು, ಸಭೆ ಕೂಗೋದು ನಂಗೆ ಕೇಳ್ಸಲ್ಲ. ಸೈ ಅಂದ್ರೂ ಒಂದೇ, ಬೇಡ ಅಂದ್ರೂ ಒಂದೇ. ಲೂಯೆಲ್ಲಾ ಉಲ್ಲನ್ ಉಂಡೆ ಆಕಡೆ ಈಕಡೆ ಇಟ್ಟು ತೋರಿಸ್ತಿದ್ಲು, ನಾನು ಹೇಳ್ತಿದ್ದೆ. ನಿಮ್ಮನ್ನೆಲ್ಲ ಏಮಾರಿಸ್ದೆ. ತಪ್ಪಾಯ್ತು."

ಎಲ್ಲರ ತಲೆಗಳೂ ಲೂಯೆಲ್ಲಾಳ ತೊಡೆಯ ಮೇಲಿನ ಉಂಡೆಯತ್ತ ತಿರುಗಿದವು.

"ಹಾಗಾದ್ರೆ ಸ್ಮಶಾನದ ಬೇಲಿ?" ಹೈರಮ್ ಕೂಗಿದ. "ಅದು ಯಾಕೆ ಮುಂದಕ್ಕೆ ಹೋಯ್ತು?"

"ಉಂಡೆ ಬಿದ್ದೋಯ್ತು," ಎಂದ ಆರಿನ್.

ನಗು ಮೊದಲು ಎಲ್ಲೋ ಮೂಲೆಯಲ್ಲಿ ಹುಟ್ಟಿ, ಆಮೇಲೆ ಇಡೀ ಪುರಭವನವನ್ನೇ ಅಲುಗಿಸಿತು. ಹೈರಮ್ ಕಣ್ಣೊರೆಸಿಕೊಂಡು, "ನನ್ನ ಹೆಂಡತಿ ಸಮಾಧಿ ಮೇಲೆ ಲರಾಕ್ ಮನೆ ಆಡು ಮೇಯ್ತಿದೆ ಕಣಯ್ಯಾ, ಒಂದು ಉಂಡೆಯಿಂದ!" ಎಂದ. ಕಾರ್ಲೀನ್ ಮಾತ್ರ ನಗಲಿಲ್ಲ.

"ನಗೋ ವಿಷಯ ಅಲ್ಲ ಇದು. ಸಭಾಪತಿಗಳೇ, ಮೂರು ವರ್ಷದ ತೀರ್ಮಾನ ಎಲ್ಲ ಒಬ್ಬರ ಕೈಲಿತ್ತು ಅಂದಂಗಾಯ್ತು. ಅವು ಸರಿ ಅಂತ ನಾವು ಹೇಗೆ ನಂಬೋದು?"

"ಲೂಯೆಲ್ಲಾ ಒಂದ್ಸಲನೂ ಸುಳ್ಳು ತೋರಿಸಿಲ್ಲ," ಎಂದ ಆರಿನ್. ಹೇಳುತ್ತಿರುವಾಗಲೇ ನಾಲಿಗೆ ತೊದಲಿತು. ಈಗಷ್ಟೇ ತಾನು ಏನು ಅಂದುಕೊಂಡೆನೆಂದು ಅವನಿಗೆ ಗೊತ್ತಿತ್ತಲ್ಲ. "ಈಗ ಎಲ್ರೂ ಎದ್ದು ನಿಂತು ಎಣಿಸೋಣ. ಮೊದಲು ಸೈ ಅನ್ನೋರು."

ಹಿಂದಿನ ಸಾಲುಗಳು ಎದ್ದವು, ನಡುನಡುವೆ ಒಬ್ಬೊಬ್ಬರು ಎದ್ದರು. ಡಾರ್ಕಸ್ ಬೆರಳು ಚಾಚಿ ಎಣಿಸುತ್ತ ಬಂದಳು. ಆರಿನ್ ಮೊದಲ ಸಾಲನ್ನೇ ನೋಡುತ್ತಿದ್ದ. ಲೂಯೆಲ್ಲಾ ಏಳಲಿಲ್ಲ. ಹೆಣಿಗೆಯ ಕಡ್ಡಿಗಳೂ ನಿಂತಿದ್ದವು.

"ಕೂತ್ಕೊಳಿ. ಈಗ ಬೇಡ ಅನ್ನೋರು."

ಲೂಯೆಲ್ಲಾ ಹೆಣಿಗೆಯನ್ನು ಚೀಲಕ್ಕೆ ತುಂಬಿ, ಚೀಲವನ್ನು ನೆಲದ ಮೇಲಿಟ್ಟು ಎದ್ದು ನಿಂತಳು. ಮೂರು ವರ್ಷದಲ್ಲಿ ಅವಳ ಮೊದಲ ಓಟು ಅದು. ಮುಖ ಗಟ್ಟಿ ಮಾಡಿಕೊಂಡು ನೇರವಾಗಿ ಗಂಡನನ್ನೇ ನೋಡಿದಳು. ಅವಳಿಗೆ ಸಭೆ ಉಳಿಯಬೇಕಿತ್ತು. ಅವಳ ಪಕ್ಷದ ಕೂಗು ಸಣ್ಣದಾಗಿತ್ತು, ಆದರೂ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಳು. ಅವನು ನಂಬಿರಲಿಲ್ಲ.

ಆರಿನ್‌ಗೆ ವೇದಿಕೆ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಡಾರ್ಕಸ್ ಎಣಿಸಿ ಮುಗಿಸಿ, ಕೂಡಿಸಿ, ಮತ್ತೆ ಕೂಡಿಸಿ ಅವನ ಮುಖದ ಎದುರು ಬಂದು ಹೇಳಿದಳು. ಹಿಂದಿನ ಸಾಲಿನವರ ಗಂಟಲು ದೊಡ್ಡದು, ತಲೆಗಳು ಕಡಿಮೆ. ಏಳು ಓಟುಗಳಿಂದ ಬೇಡ ಮೇಲಾಗಿತ್ತು. ಸಭೆ ಉಳಿದಿತ್ತು.

ಆರಿನ್ ಅದನ್ನು ಸಾರಿ ಸುತ್ತಿಗೆ ಬಡಿದಾಗ ಮುಂದಿನ ಸಾಲುಗಳು ಎದ್ದು ಚಪ್ಪಾಳೆ ತಟ್ಟಿದವು. "ಪ್ರಾಮಾಣಿಕ ಅಂದ್ರೆ ಇವ್ನು!" ಎಂದು ಯಾರೋ ಕೂಗಿದರು. "ತನ್ನ ಕೊರತೆ ತಾನೇ ಹೇಳ್ಕೊಂಡ ನೋಡಿ!" ಹೈರಮ್ ಕೂಡ ಕೋಲಿನಿಂದ ನೆಲ ಕುಟ್ಟಿದ. ಆರಿನ್‌ಗೆ ಬೇಕಾದದ್ದೆಲ್ಲ ಸಿಕ್ಕಿತ್ತು, ಮೇಲೆ ಹೊಗಳಿಕೆ ಬೇರೆ. ಮುಂದಿನ ಸಾಲುಗಳಲ್ಲಿ ಚಪ್ಪಾಳೆ ತಟ್ಟದೆ ಕೂತವಳು ಲೂಯೆಲ್ಲಾ ಒಬ್ಬಳೇ. ಆ ಪ್ರಾಮಾಣಿಕತೆ ಎಲ್ಲಿಂದ ಹುಟ್ಟಿತೆಂದು ಇಡೀ ಪುರಭವನದಲ್ಲಿ ಗೊತ್ತಿದ್ದವರು ಇಬ್ಬರೇ.

ಆರಿನ್ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದ. ಕೇಳದವನು ಸಭಾಪತಿಯಾಗಿರುವುದು ಸರಿಯಲ್ಲ, ಬೇರೆ ಯಾರನ್ನಾದರೂ ಆರಿಸಿ ಎಂದು ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಕೆಳಗಿಳಿದ. ಯಾರೂ ನಿರೀಕ್ಷಿಸದಿದ್ದದ್ದು ಆಗ ಆಯಿತು. ಸೋತ ಸಿಟ್ಟು ಇನ್ನೂ ಮುಖದ ಮೇಲಿದ್ದ ಕಾರ್ಲೀನ್ ಎದ್ದಳು.

"ಲೂಯೆಲ್ಲಾ ಥೇಯರ್ ಹೆಸರು ಸೂಚಿಸ್ತೀನಿ. ಮೂರು ವರ್ಷದಿಂದ ಕೆಲ್ಸ ಮಾಡಿರೋದು ಅವ್ರೇ ತಾನೆ? ಅದೂ ತಮ್ಮ ಕಡೆಗೆ ಸೋಲು ಅಂತ ಗೊತ್ತಿದ್ರೂ ಸರಿಯಾಗೇ ಹೇಳಿದ್ರು. ನಂಗೆ ಅಂಥೋರು ಸಾಕು. ಪೆಟ್ಟಿಗೆ ವಿಷಯ ಮುಂದಿನ ವರ್ಷ ಮತ್ತೆ ತರ್ತೀನಿ, ನೆನಪಿರ್ಲಿ."

ಸೈ ಎಂಬ ಕೂಗಿಗೆ ಕಿಟಕಿಯ ಗಾಜು ನಡುಗಿತು. ಲೂಯೆಲ್ಲಾ ಸ್ಕರ್ಟು ಕೊಡವಿಕೊಂಡು ವೇದಿಕೆ ಹತ್ತಿದಳು. ಸುತ್ತಿಗೆ ಹಿಡಿದು, ಯಾವತ್ತಿನಿಂದಲೋ ಅಲ್ಲೇ ನಿಂತವಳ ಹಾಗೆ, "ಮುಂದಿನ ವಿಷಯ ಏನು ಡಾರ್ಕಸ್?" ಎಂದಳು.

ವೇದಿಕೆಯ ಕೆಳಗೆ, ಎಲ್ಲರ ನಡುವೆ, ಆರಿನ್ ಕೈ ಎತ್ತಿದ್ದ.

"ಸಭಾಪತಿಗಳೇ."

ಲೂಯೆಲ್ಲಾ ಅವನನ್ನು ನೋಡಿದಳು. "ಹೇಳಿ, ಥೇಯರ್ ಅವ್ರೇ," ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ಅವನಿಗೆ ಬಹುವಚನ ಬಳಸಿರಲಿಲ್ಲ. ಆರಿನ್‌ಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು.

"ನನ್ನನ್ನ ಪ್ರಾಮಾಣಿಕ ಅಂತ ಹೊಗಳಿದ್ರಲ್ಲ, ಅದು ವಾಪಸ್ ತಗೊಳಿ," ಎಂದ ಅವನು ಸಭೆಯತ್ತ ತಿರುಗಿ. "ಕಿವಿ ಮೇಲೆ ಅನುಮಾನ ಅಂದೆ. ಸುಳ್ಳು. ನಂಗೆ ಅನುಮಾನ ಬಂದಿದ್ದು ನನ್ನ ಹೆಂಡ್ತಿ ಮೇಲೆ. ಬೆಳಗ್ಗೆ ಅಡುಗೆಮನೇಲಿ ಅವಳು ಬೇಜಾರಲ್ಲಿ ಏನೋ ಗೊಣಗಿದ್ಲು, ಅದನ್ನೇ ಹಿಡ್ಕೊಂಡು, ನಂಗೆ ಮೋಸ ಮಾಡ್ತಿದಾಳೆ ಅಂದ್ಕೊಂಡೆ. ಅವಳ ಬಾಯಿ ಕಟ್ಟಿಸಿ ಕೂರಿಸಿದ್ದೂ ನಾನೇ, ಆಮೇಲೆ ಅವಳನ್ನ ನಂಬದೇ ಹೋದವನೂ ನಾನೇ." ಅವನು ವೇದಿಕೆಯತ್ತ ತಿರುಗಿದ. "ತಪ್ಪಾಯ್ತು, ಲೂಯೆಲ್ಲಾ. ಮನೇಲಿ ಹೇಳಿದ್ರೆ ಸಾಲಲ್ಲ, ಅದಕ್ಕೇ ಇಲ್ಲಿ ಹೇಳ್ತಿದೀನಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೈರಮ್ ಕೆಳಗೆ ನೋಡುತ್ತ ಕೂತ. ಕಡುಬು ಕೊಯ್ಯುತ್ತಿದ್ದ ತಾಯಂದಿರು ಚಾಕು ಹಿಡಿದು ಹಾಗೇ ನಿಂತರು.

ಲೂಯೆಲ್ಲಾ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಅವನಿಗೆ ಸರಿಯಾಗಿ ಕಾಣುವ ಹಾಗೆ ಮೇಜಿನ ಈಚೆಗೆ ಬಂದು ನಿಂತಳು.

"ಗೊಣಗೋದು ಬೇರೆ, ಓಟು ಹಾಕೋದು ಬೇರೆ. ಇಷ್ಟು ವರ್ಷದಲ್ಲಿ ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?"

"ಇಲ್ಲ," ಎಂದ ಆರಿನ್.

"ಸರಿ. ನೀನು ಹೇಳಿದ್ದು ಕೇಳಿಸ್ತು. ಕೂತ್ಕೋ, ಆರಿನ್."

ಅವಳ ದನಿ ಕೊನೆಗೆ ಒಂದಿಷ್ಟು ಒಡೆಯಿತೆಂದು ಊಟದ ಹೊತ್ತಿಗೆ ಡಾರ್ಕಸ್ ಅವನಿಗೆ ಹೇಳಿದಳು. ಆರಿನ್‌ಗೆ ತುಟಿ ಮಾತ್ರ ಕಂಡಿತ್ತು. ಅವನು ಕೂತುಕೊಂಡ.